ಫೋನ್ ಇದ್ದಲ್ಲಿ ತೋಟ ಇರುವುದಿಲ್ಲ: ಕಾಸರಗೋಡಿನ ಒಂದು ಬುಕಿಂಗ್ ಆ್ಯಪ್‌ನ ಪ್ರಕರಣ ಅಧ್ಯಯನ

ಅಡಿಕೆಗೆ ಮದ್ದು ಬಿಡುವ ತಂಡಗಳನ್ನು ತೋಟಗಳಿಗೆ ಕಳುಹಿಸಲು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಬೆಳೆಗಾರರ ಗುಂಪೊಂದು ವೆಬ್‌ಸೈಟ್ ಮತ್ತು ಮೊಬೈಲ್ ಆ್ಯಪ್ ಮಾಡಿಸಿಕೊಂಡಿತು. ಫೋನ್ ತಾನಾಗಿ ಜಾಗ ಹೇಳುತ್ತದೆ, ಆ ಜಾಗಕ್ಕೆ ಹತ್ತಿರದ ತಂಡ ಹೋಗುತ್ತದೆ ಎಂಬುದು ಎರಡಕ್ಕೂ ತಳಹದಿ. ಮೊದಲ ಮಳೆಗಾಲದಲ್ಲಿ ಈ ವ್ಯವಸ್ಥೆ ಸೋತಿತು, ಎರಡನೆಯದರಲ್ಲಿ ನೆಲೆ ನಿಂತಿತು. ನಡುವಿನ ಹತ್ತು ತಿಂಗಳಲ್ಲಿ ಯಾವ ತೀರ್ಮಾನಗಳು ಬದಲಾದವು, ಯಾಕೆ ಬದಲಾದವು ಎಂಬುದನ್ನು ಇಲ್ಲಿ ಬರೆದಿಟ್ಟಿದೆ. ಗುಂಪಿನ, ಊರಿನ, ಜನರ ಹೆಸರು ಬಿಟ್ಟಿದೆ. ಹೊಳೆಯ ಹೆಸರನ್ನೂ ಹೇಳಿಲ್ಲ, ಹೊಳೆ ಯಾವುದೆಂದು ತಿಳಿದರೆ ತೋಟ ಯಾರದೆಂದು ಊರವರಿಗೆ ಗೊತ್ತಾಗುತ್ತದೆ. ದೂರ ಮತ್ತು ಸಂಖ್ಯೆಗಳನ್ನು ಗುರುತು ಸಿಗದಷ್ಟು ಬದಲಿಸಿದೆ.

ಹಿನ್ನೆಲೆ

ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೊಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. ಎಡೆಬಿಡದ ಮಳೆ, ತಂಪು ಹವೆ, ನಡುನಡುವೆ ಬಿಸಿಲು ಸೇರಿದರೆ ಕೆಲವೇ ದಿನಗಳಲ್ಲಿ ಎಳೆಕಾಯಿಗಳು ಉದುರಿ ಬೀಳುತ್ತವೆ. ಇದನ್ನು ತಡೆಯಲು ಶೇ. 1ರ ಬೋರ್ಡೊ ದ್ರಾವಣ ಬಿಡುತ್ತಾರೆ: 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಮೊದಲನೆಯದು ಮಳೆ ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನ ಕಳೆದು. ಕಷ್ಟ ಇರುವುದು ಎರಡನೆಯದರಲ್ಲಿ. ಜುಲೈಯಲ್ಲಿ ಮಳೆ ಬಿಡುವು ಕೊಡುವುದೇ ಅರ್ಧ ದಿನ, ಒಂದು ದಿನ. ಬ್ಯಾರೆಲಿನಲ್ಲಿ ಕಲಸಿದ ದ್ರಾವಣವನ್ನು ಅಂದೇ ಬಿಟ್ಟು ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಗುಣ ಹೋಗುತ್ತದೆ. ತಂಡ ಎರಡು ತಾಸು ತಡವಾಗಿ ತಲುಪಿದರೆ ಒಂದು ತೋಟದ ಮದ್ದು ತಪ್ಪಿದಂತೆ. ಹಾಗಾಗಿ ಇಲ್ಲಿ ಜಾಗದ ಪ್ರಶ್ನೆ ಊಟ ತರಿಸಿಕೊಳ್ಳುವ ಆ್ಯಪ್‌ಗಳಿಗಿಂತ ಗಂಭೀರವಾದದ್ದು.

ಗುಂಪಿನಲ್ಲಿ ಐದು ತಂಡ, ಐದು ಪಿಕಪ್, ಸುಮಾರು 180 ತೋಟ. ಆ್ಯಪ್ ಬರುವ ಮೊದಲು ಇಷ್ಟನ್ನೂ ನಡೆಸುತ್ತಿದ್ದವರು ಗುಂಪಿನ ಹಿರಿಯ ಕಾರ್ಯದರ್ಶಿ, ಒಂದು ಫೋನ್ ಮತ್ತು ಒಂದು ಡೈರಿಯ ಬಲದಿಂದ. ಡೈರಿಯ ಒಂದು ಪುಟದಲ್ಲಿ ಹೀಗಿತ್ತು: "ಭಜನಾ ಮಂದಿರ ಕಳೆದು ಎಡಕ್ಕೆ. ಎರಡನೇ ತಡಮೆ. ಪಿಕಪ್ ಗುಡ್ಡೆ ಮೇಲೆಯೇ ನಿಲ್ಲಿಸುವುದು, ಕೆಳಗೆ ತಿರುಗಿಸಲು ಜಾಗ ಇಲ್ಲ. ಪೈಪು 120 ಮೀ. ಬೇಕು. ಸಂಕ ಜೂನ್ ನಂತರ ನಂಬುವ ಹಾಗಿಲ್ಲ." (ತಡಮೆ ಎಂದರೆ ಬೇಲಿ ದಾಟುವ ಗಂಡಿ, ಸಂಕ ಎಂದರೆ ತೋಡು, ಹೊಳೆ ದಾಟುವ ಸಣ್ಣ ಸೇತುವೆ.) ಅವರಿಗೆ ಆರೋಗ್ಯ ಕೈಕೊಟ್ಟಾಗ ಈ ಡೈರಿಯ ಕೆಲಸವನ್ನು ಆ್ಯಪ್ ಮಾಡಲಿ ಎಂದು ಗುಂಪು ತೀರ್ಮಾನಿಸಿತು. ಮಾಡಿಕೊಟ್ಟವರು ದೂರದ ಪಟ್ಟಣದ ಚಿಕ್ಕ ತಂಡ. ಅನುಭವಸ್ಥರು, ಪ್ರಾಮಾಣಿಕರು. ಆದರೆ ಡೈರಿಯನ್ನು ಅವರಿಗೆ ಯಾರೂ ತೋರಿಸಲಿಲ್ಲ, ಅವರೂ ಕೇಳಲಿಲ್ಲ.

ಮೊದಲ ಆವೃತ್ತಿ ಮೂರು ಊಹೆಗಳ ಮೇಲೆ ನಿಂತಿತ್ತು. ಬುಕ್ ಮಾಡುವಾಗ ಫೋನ್ ಎಲ್ಲಿದೆಯೋ ತೋಟ ಅಲ್ಲಿದೆ. ನಕ್ಷೆಯಲ್ಲಿ ಹತ್ತಿರ ಕಾಣುವ ತಂಡವೇ ಬೇಗ ತಲುಪುವ ತಂಡ. ಫೋನ್ ಯಾವ ರಾಜ್ಯದಲ್ಲಿದೆಯೋ ಅಲ್ಲಿಯ ಭಾಷೆಯೇ ಬಳಸುವವರ ಭಾಷೆ. ಮೂರೂ ಬೇರೆ ಕಡೆ ತಕ್ಕಮಟ್ಟಿಗೆ ನಡೆಯುವ ಊಹೆಗಳು. ಇಲ್ಲಿ ಮೂರೂ ಮುರಿದವು.

ಫೋನ್ ಎಲ್ಲಿ, ತೋಟ ಎಲ್ಲಿ

ಮೊದಲ ವಾರದಲ್ಲೇ ಬಂದ ದೂರು: "ನಿಮ್ಮ ಪ್ರದೇಶದಲ್ಲಿ ಈ ಸೇವೆ ಲಭ್ಯವಿಲ್ಲ" ಎಂದು ಆ್ಯಪ್ ಹೇಳುತ್ತದೆ. ಹೇಳಿಸಿಕೊಂಡವರು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುವ ಮಕ್ಕಳು. ಊರಿನಲ್ಲಿರುವ ಅಪ್ಪ ಅಮ್ಮನ ತೋಟಕ್ಕೆ ಮದ್ದು ಬಿಡಿಸುವುದು ಈಗ ಎಷ್ಟೋ ಮನೆಗಳಲ್ಲಿ ಅವರದೇ ಜವಾಬ್ದಾರಿ, ದುಡ್ಡು ಕಳುಹಿಸುವವರೂ ಅವರೇ. ಇನ್ನು ಕೆಲವರು ಕುಂಬಳೆ ಪೇಟೆಗೆ ಸಾಮಾನಿಗೆ ಬಂದಾಗ ಅಂಗಡಿ ಜಗಲಿಯಲ್ಲಿ ಕುಳಿತು ಬುಕ್ ಮಾಡಿದರು. ತೋಟದ ಗುರುತು ಅಂಗಡಿಯ ಮೇಲೆ ಬಿತ್ತು.

ಇದರ ಕೆಳಗೆ ಇನ್ನೊಂದು ತಪ್ಪು ಅಡಗಿತ್ತು. ಫೋನ್ ತನ್ನ ಜಾಗವನ್ನು ಒಂದೇ ಬಗೆಯಲ್ಲಿ ತಿಳಿಯುವುದಿಲ್ಲ. ಉಪಗ್ರಹದ ಸಂಕೇತ, ಸುತ್ತಲಿನ ವೈಫೈಗಳ ಗುರುತು ಸಂಖ್ಯೆ, ಮೊಬೈಲ್ ಟವರ್ ಎಲ್ಲವನ್ನೂ ಕಲಸಿ ಒಂದು ಅಂದಾಜು ಕೊಡುತ್ತದೆ. ಆ ಅಂದಾಜಿನ ಜೊತೆಗೇ ನಿಖರತೆ ಎಂದು ಮೀಟರ್ ಲೆಕ್ಕದಲ್ಲಿ ಒಂದು ಅಂಕೆ ಬರುತ್ತದೆ. ವೆಬ್ ಪುಟಕ್ಕೆ ಜಾಗ ತಿಳಿಸುವ ಬ್ರೌಸರಿನ ಸೌಲಭ್ಯವಾದ ಜಿಯೊಲೊಕೇಶನ್ ಎಪಿಐನಲ್ಲಿ ಅದರ ಅರ್ಥ, ನಿಜವಾದ ಜಾಗ ಈ ವೃತ್ತದೊಳಗೆ ಇರುವ ಸಂಭವ ಶೇ. 95 ಎಂದು. 12 ಮೀಟರ್ ಎಂದು ಬಂದರೂ 1,800 ಮೀಟರ್ ಎಂದು ಬಂದರೂ ನಕ್ಷೆಯ ಮೇಲಿನ ಚುಕ್ಕಿ ಒಂದೇ ಗಾತ್ರದ್ದು. ಮೊದಲ ಆವೃತ್ತಿ ಅಕ್ಷಾಂಶ ರೇಖಾಂಶ ಮಾತ್ರ ಉಳಿಸಿಕೊಂಡು ಈ ಅಂಕೆಯನ್ನು ಎಸೆದುಬಿಡುತ್ತಿತ್ತು. ಯಾವ ಗುರುತು ನಂಬಬಹುದಾದದ್ದು, ಯಾವುದು ಟವರಿನ ಅಂದಾಜು ಎಂದು ಆಮೇಲೆ ಬೇರ್ಪಡಿಸಲು ದಾರಿಯೇ ಉಳಿಯಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾಗಿದ್ದ ನಷ್ಟ ಇದು.

ಆಂಡ್ರಾಯ್ಡ್ 12ರಿಂದ (2021) ಬಳಸುವವರು ಆ್ಯಪ್‌ಗೆ ಅಂದಾಜು ಜಾಗ ಮಾತ್ರ ಕೊಡಬಹುದು, ಸುಮಾರು 3 ಚದರ ಕಿಲೊಮೀಟರಿನೊಳಗೆ ಎಲ್ಲೋ ಒಂದು ಕಡೆ ಎಂಬಷ್ಟು. ಐಫೋನಿನಲ್ಲಿ ಐಓಎಸ್ 14ರಿಂದ (2020) ಇಂಥದೇ ಆಯ್ಕೆ ಇದೆ. ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ಅಂದಾಜು ಎಂಬುದನ್ನು ಒತ್ತಿದವರು ತಪ್ಪು ಮಾಡಿದವರಲ್ಲ, ಅದು ಅವರ ಹಕ್ಕು. ಅಷ್ಟು ದೊಡ್ಡ ಪ್ರದೇಶದಲ್ಲಿ ಇಲ್ಲಿ ಎರಡು ಗುಡ್ಡೆ, ನಡುವಿನ ತಗ್ಗಿನಲ್ಲಿ ಒಂದು ಬೈಲು, ಹತ್ತು ಹನ್ನೆರಡು ತೋಟ ಇರುತ್ತವೆ ಎಂಬುದನ್ನು ಆ್ಯಪ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವೆಬ್‌ಸೈಟಿನ ಕಥೆ ಬೇರೆ. ಬುಕಿಂಗ್ ಪುಟವನ್ನು ಗುಂಪಿನ ಹಳೆಯ ಸೈಟಿನೊಳಗೆ ಐಫ್ರೇಮ್ (ಒಂದು ಪುಟದೊಳಗೆ ಇನ್ನೊಂದನ್ನು ತೋರಿಸುವ ಚೌಕಟ್ಟು) ಮಾಡಿ ಕೂರಿಸಿದ್ದರು. ಬೇರೆ ಡೊಮೇನಿನ ಪುಟ ಹೀಗೆ ಒಳಗೆ ಕುಳಿತಾಗ, ಹೊರಗಿನ ಪುಟ ಐಫ್ರೇಮಿನಲ್ಲಿ ಜಿಯೊಲೊಕೇಶನ್‌ಗೆ ಅನುಮತಿ ಎಂದು ಬರೆದಿರದಿದ್ದರೆ ಕ್ರೋಮ್ ಜಾಗ ಕೊಡುವುದಿಲ್ಲ, ಅನುಮತಿ ಕೇಳುವ ಪೆಟ್ಟಿಗೆಯೂ ಏಳುವುದಿಲ್ಲ. ಹಳೆಯ ಸೈಟ್ ಎಚ್‌ಟಿಟಿಪಿಯಲ್ಲೇ ಇದ್ದದ್ದು ಇನ್ನೊಂದು ತಡೆ, 2016ರಿಂದ ಕ್ರೋಮ್ ಸುರಕ್ಷಿತವಲ್ಲದ ಪುಟಕ್ಕೆ ಜಾಗ ಹೇಳುವುದನ್ನು ನಿಲ್ಲಿಸಿದೆ. ಎಪಿಐ ವಿಫಲವಾದಾಗ ಮೂರು ಬಗೆಯ ಸಂಕೇತ ಕೊಡುತ್ತದೆ: 1 ಎಂದರೆ ಅನುಮತಿ ಇಲ್ಲ, 2 ಎಂದರೆ ಜಾಗ ಸಿಗಲಿಲ್ಲ, 3 ಎಂದರೆ ಸಮಯ ಮೀರಿತು. ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ಇವರ ಕೋಡ್ ಮೂರಕ್ಕೂ ಒಂದೇ ಕೆಲಸ ಮಾಡುತ್ತಿತ್ತು: ಸದ್ದಿಲ್ಲದೆ ಐಪಿ ವಿಳಾಸದಿಂದ, ಅಂದರೆ ಇಂಟರ್‌ನೆಟ್ಟಿನಲ್ಲಿ ಗುರುತಿಗಿರುವ ಸಂಖ್ಯೆಯಿಂದ, ಜಾಗ ಊಹಿಸುವುದು. ಮೊಬೈಲ್ ಡೇಟಾದಲ್ಲಿ ಐಪಿ ವಿಳಾಸ ತೋರಿಸುವುದು ಹೆಚ್ಚಾಗಿ ಕಂಪೆನಿಯ ಗೇಟ್‌ವೇ (ಇಂಟರ್‌ನೆಟ್ಟಿಗೆ ಸೇರುವ ದ್ವಾರ) ಇರುವ ನಗರವನ್ನು. ಬದಿಯಡ್ಕದಿಂದ ಬುಕ್ ಮಾಡಿದವರ ತೋಟ ಕೊಚ್ಚಿಯಲ್ಲಿ ಕಾಣಿಸಿಕೊಂಡದ್ದು ಹೀಗೆ.

ಹೊಳೆಯ ಆಚೆ

ಜುಲೈ ಎರಡನೇ ವಾರ, ಮೂರು ದಿನದ ಜಡಿಮಳೆಯ ನಂತರ ಬೆಳಿಗ್ಗೆ ಬಿಸಿಲು ಬಂತು. ಒಂದು ತೋಟದಿಂದ ಬುಕಿಂಗ್. ಈ ಸಲ ಗುರುತು ಸರಿಯಾಗಿತ್ತು, ಅಂಗಳದಲ್ಲೇ ನಿಂತು ಹಾಕಿದ್ದು. ಆ್ಯಪ್ ಹತ್ತಿರದ ತಂಡವನ್ನು ಹುಡುಕಿ ಕಳುಹಿಸಿತು, 900 ಮೀಟರ್ ದೂರ. ತೋಟದ ಯಜಮಾನರು ಹಿಂದಿನ ದಿನವೇ ಸುಣ್ಣ ನೆನೆ ಹಾಕಿದ್ದರು. ತಂಡ ಹೊರಟ ಸಂದೇಶ ಬಂದದ್ದೇ ತಡ 200 ಲೀಟರಿನ ಬ್ಯಾರೆಲಿಗೆ ಮೈಲುತುತ್ತಿನ ನೀರು ಸೇರಿಸಿ ಕಲಸಿ ಇಟ್ಟರು. ಅರ್ಧ ತಾಸು ಕಳೆದು ಫೋನ್ ಮಾಡಿದರು.

"ಎಲ್ಲಿಗೆ ಎತ್ತಿದಿರಿ?"

"ಹೊಳೆ ಕರೆಯಲ್ಲಿದ್ದೇವೆ ಅಣ್ಣ, ಮ್ಯಾಪು ಇಲ್ಲಿ ದಾಟಲಿಕ್ಕೆ ಹೇಳ್ತದೆ. ಸಂಕವೇ ಕಾಣುದಿಲ್ಲ."

"ಆ ಸಂಕ ಈಗ ನೀರಿನಡಿಯಲ್ಲಿ ಮಾರಾಯ್ರೆ. ನೀವು ಸುತ್ತಿ ಬರಬೇಕಷ್ಟೆ."

ಸುತ್ತಿ ಬರುವ ದಾರಿ 11 ಕಿಲೊಮೀಟರ್. ತಂಡ ತಲುಪುವಾಗ ಮಧ್ಯಾಹ್ನ, ಎರಡು ಗಂಟೆಗೆ ಮತ್ತೆ ಮಳೆ. ಅರ್ಧ ತೋಟಕ್ಕೂ ಆಗಲಿಲ್ಲ. ಕಲಸಿದ ದ್ರಾವಣ ಉಳಿದು ಹಾಳಾಯಿತು. ಅದೇ ದಡದಲ್ಲಿ, 4 ಕಿಲೊಮೀಟರ್ ದೂರದಲ್ಲಿ ಇನ್ನೊಂದು ತಂಡ ಕೆಲಸ ಮುಗಿಸಿ ಖಾಲಿ ಕುಳಿತಿತ್ತು.

ತಪ್ಪಿನ ಬೇರು ಎರಡು ಕಡೆ ಇತ್ತು. ಯಾವ ತಂಡ ಹತ್ತಿರ ಎಂಬುದನ್ನು ಆ್ಯಪ್ ಹೇವರ್ಸೈನ್ ಸೂತ್ರದಿಂದ, ಅಂದರೆ ಕಾಗೆ ಹಾರುವ ದೂರದಿಂದ ಲೆಕ್ಕ ಹಾಕುತ್ತಿತ್ತು. ಬಯಲು ಸೀಮೆಯಲ್ಲಿ ಈ ದೂರಕ್ಕೂ ರಸ್ತೆ ದೂರಕ್ಕೂ ಅಷ್ಟು ಅಂತರ ಇರಲಾರದು. ಗುಡ್ಡೆ, ತೋಡು, ಹೊಳೆ ಒಂದರ ಪಕ್ಕ ಒಂದು ಇರುವ ನೆಲದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಆಮೇಲೆ ದಾರಿ ತೋರಿಸಿದ ನಕ್ಷೆಯಲ್ಲಿ ಕಾಲುಸಂಕವನ್ನು ಯಾರೋ ಮಾಮೂಲು ಸಣ್ಣ ರಸ್ತೆ ಎಂದು ಗುರುತಿಸಿದ್ದರು. ನಡೆಯುವ ದಾರಿ ಎಂದು ಗುರುತಿದ್ದರೆ ವಾಹನದ ದಾರಿ ಲೆಕ್ಕದಲ್ಲಿ ಅದು ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಮುಳುಗುತ್ತದೆ ಎಂಬ ಮಾಹಿತಿಯಂತೂ ಎಲ್ಲಿಯೂ ಇರಲಿಲ್ಲ, ಆ ಡೈರಿಯೊಂದನ್ನು ಬಿಟ್ಟು.

ಭಾಷೆಯ ಎಡವಟ್ಟು

ಕೇರಳದೊಳಗಿನ ಫೋನ್ ಎಂದರೆ ಮಲಯಾಳ, ಕರ್ನಾಟಕದೊಳಗಿನದು ಎಂದರೆ ಕನ್ನಡ ಎಂದು ಆ್ಯಪ್ ಮಾಡಿದವರು ನಿಯಮ ಬರೆದಿದ್ದರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು, ಮನೆಯ ಮಾತು, ಓದಿನ ಮಾತು ಅದರ ಹಿಂದೆಯೇ ಹೋಗಲಿಲ್ಲ ಎಂಬುದು ಇಲ್ಲಿಯವರಿಗೆ ಹೇಳಬೇಕಾದ ವಿಷಯವಲ್ಲ. ಕನ್ನಡ ಶಾಲೆಯಲ್ಲಿ ಓದಿದ ಅರುವತ್ತು ದಾಟಿದ ಬೆಳೆಗಾರರಿಗೆ ಆ್ಯಪ್ ಮಲಯಾಳ ಲಿಪಿಯಲ್ಲಿ ತೆರೆದುಕೊಂಡಿತು. ಪೆರ್ಲದಿಂದ ಮುಂದೆ, ಗಡಿ ಹತ್ತಿರದ ಮನೆಗಳಲ್ಲಿ ಇನ್ನೂ ವಿಚಿತ್ರ: ಫೋನ್ ಆಚೆಯ ಟವರ್ ಹಿಡಿದ ದಿನ ಕನ್ನಡ, ಈಚೆಯದು ಹಿಡಿದ ದಿನ ಮಲಯಾಳ. ಒಬ್ಬ ಅಜ್ಜಿ ಮೊಮ್ಮಗನ ಹತ್ತಿರ ಆ್ಯಪ್ ಹಾಳಾಗಿದೆ ಎಂದು ಹೇಳಿ ಅದನ್ನು ತೆಗೆಸಿಯೇಬಿಟ್ಟರು.

ಫೋನಿನ ಸೆಟ್ಟಿಂಗ್‌ನ ಭಾಷೆ ನೋಡಿ ತೀರ್ಮಾನಿಸಿದರೂ ಇಲ್ಲಿ ಸರಿಹೋಗುವುದಿಲ್ಲ. ಇಂಗ್ಲಿಷಿನಲ್ಲೇ ಫೋನ್ ಇಟ್ಟುಕೊಂಡು ಕನ್ನಡ ಪತ್ರಿಕೆ ಓದುವವರು ಮನೆಮನೆಯಲ್ಲಿದ್ದಾರೆ. ಮೊದಲ ಸಲ ತೆರೆದಾಗ ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಅವರವರ ಲಿಪಿಯಲ್ಲೇ ಬರೆದ ಮೂರು ಗುಂಡಿ ತೋರಿಸಿ, ಒತ್ತಿದ್ದನ್ನು ನೆನಪಿಟ್ಟುಕೊಳ್ಳುವುದೊಂದೇ ಸರಿಯಾದ ಮಾರ್ಗ. ಎರಡನೇ ಆವೃತ್ತಿಯಲ್ಲಿ ಅಷ್ಟೇ ಮಾಡಿದರು, ಅರ್ಧ ದಿನದ ಕೆಲಸ.

ಊರ ಹೆಸರು ಹುಡುಕುವಲ್ಲಿಯೂ ಇದೇ ತೊಡಕು. ಮಂಜೇಶ್ವರ, ಕುಂಬಳೆ, ಮುಳ್ಳೇರಿಯ, ವರ್ಕಾಡಿ ಇವುಗಳಿಗೆ ಕನ್ನಡದಲ್ಲಿ ಒಂದು ರೂಪ, ಮಲಯಾಳದಲ್ಲಿ ಇನ್ನೊಂದು, ಇಂಗ್ಲಿಷ್ ಫಲಕಗಳಲ್ಲಿ ಎರಡು ಮೂರು. ಹೆಸರಿನ ಒಂದೇ ಕಾಗುಣಿತ ಇಟ್ಟುಕೊಂಡ ಹುಡುಕಾಟ ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಸ್ಥಳಕ್ಕೂ ಎಲ್ಲ ರೂಪಗಳನ್ನೂ ಒಂದೇ ಸಂಖ್ಯೆಯ ಕೆಳಗೆ ಸೇರಿಸಿದ ಪಟ್ಟಿ ಬೇಕು.

ಪ್ರಯತ್ನಗಳು

ಮಳೆಗಾಲ ಮುಗಿಯುವ ಮೊದಲೇ ನಾಲ್ಕು ಪರಿಹಾರಗಳನ್ನು ಒಂದರ ನಂತರ ಒಂದು ಹಾಕಿ ನೋಡಿದರು.

ಮೊದಲನೆಯದು ಪಿನ್‌ಕೋಡ್. 671ರಿಂದ ಶುರುವಾದರೆ ಈ ಜಿಲ್ಲೆ, 574 ಆದರೆ ದಕ್ಷಿಣ ಕನ್ನಡ ಎಂದಷ್ಟು ತಿಳಿಯಿತು. ಒಂದು ಪಿನ್‌ಕೋಡಿನೊಳಗೆ ಹತ್ತಾರು ಗುಡ್ಡೆ ಬೈಲುಗಳಿರುವಾಗ ಅದರಿಂದ ತಂಡ ಕಳುಹಿಸಲಾಗುವುದಿಲ್ಲ.

ಎರಡನೆಯದು ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಂಡು ಕಚೇರಿಯಲ್ಲಿ ಕುಳಿತು ನಕಲು ಮಾಡುವುದು. ಇಲ್ಲೂ ಪೇಟೆಯಿಂದ ಕಳುಹಿಸಿದವರ ಗುರುತು ಪೇಟೆಯದೇ. ನಕಲು ಮಾಡುವಾಗ ಇನ್ನೊಂದು ತಪ್ಪು ಸೇರಿಕೊಂಡಿತು. ಜನ ಹೇಳುವುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಕ್ಷೆಯ ಗುರುತುಗಳನ್ನು ಉಳಿಸುವ ಜಿಯೊಜೇಸನ್ ಕಡತದಲ್ಲಿ ರೇಖಾಂಶವೇ ಮೊದಲು. ಒಂದು ದಿನ ಸೇರಿಸಿದ ಹದಿನೆಂಟು ತೋಟಗಳು ಅದಲು ಬದಲಾಗಿ ನಾರ್ವೆಯ ಉತ್ತರದ ಸಮುದ್ರದಲ್ಲಿ ಬಿದ್ದವು. ಅಷ್ಟು ದೂರ ಬಿದ್ದದ್ದರಿಂದ ತಪ್ಪು ತಕ್ಷಣ ಕಣ್ಣಿಗೆ ಬಿತ್ತು. ಅಂದಿನಿಂದ ಅಕ್ಷಾಂಶ 11.9ರಿಂದ 13.0, ರೇಖಾಂಶ 74.7ರಿಂದ 75.6ರ ಹೊರಗಿನ ಯಾವ ಗುರುತನ್ನೂ ವ್ಯವಸ್ಥೆ ಸ್ವೀಕರಿಸುವುದಿಲ್ಲ. ಇಂಥ ಚೌಕದ ತಪಾಸಣೆ ಯಾವ ಊರಿನ ಆ್ಯಪ್‌ಗೂ ಎರಡು ಸಾಲಿನ ಕೆಲಸ, ಮೊದಲ ದಿನವೇ ಹಾಕಬೇಕು.

ಮೂರನೆಯದು, ಉಪಗ್ರಹ ಚಿತ್ರದ ಮೇಲೆ ಬೆಳೆಗಾರರೇ ಗುರುತನ್ನು ಎಳೆದು ತಮ್ಮ ತೋಟದ ಮೇಲೆ ಇಡುವುದು. ಅಡಿಕೆ ತೋಟದ ಮೇಲಿಂದ ಕಾಣುವುದು ಒಂದೇ ಬಣ್ಣದ ಹಸಿರು. ಹಂಚಿನ ಮಾಡು ತೆಂಗಿನ ಗರಿಯಡಿಯಲ್ಲಿ, ದಾರಿ ಕಂಗಿನ (ಅಡಿಕೆ ಮರದ) ಅಡಿಯಲ್ಲಿ. ಕಿರಿಯರು ಹೇಗೋ ಹುಡುಕಿದರು. ಹಿರಿಯರು ಪಕ್ಕದವರ ತೋಟದ ಮೇಲೆ ಇಟ್ಟರು.

ನಾಲ್ಕನೆಯದು ಜಿಯೊಫೆನ್ಸ್: ತೋಟದ ಸುತ್ತ 50 ಮೀಟರಿನ ವೃತ್ತ ಎಳೆದು, ಪಿಕಪ್ ಒಳಗೆ ಬಂದಾಗ ಆ್ಯಪ್ ತಾನಾಗಿ ತಲುಪಿದರು ಎಂದು ಬರೆದುಕೊಳ್ಳುವುದು. ಆಂಡ್ರಾಯ್ಡ್‌ನ ಮಾರ್ಗದರ್ಶಿಯೇ ಕನಿಷ್ಠ 100ರಿಂದ 150 ಮೀಟರ್ ಇಡಿ, ವೈಫೈ ಇಲ್ಲದ ಹಳ್ಳಿಗಳಲ್ಲಿ ಇನ್ನೂ ದೊಡ್ಡದು ಮಾಡಿ ಎನ್ನುತ್ತದೆ. ಬ್ಯಾಟರಿ ಉಳಿಸಲು ಫೋನ್ ಹಿನ್ನೆಲೆಯಲ್ಲಿ ಜಾಗವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ನೋಡುತ್ತದೆ. 50 ಮೀಟರಿನ ವೃತ್ತ ಎಷ್ಟೋ ಸಲ ಎಚ್ಚರಗೊಳ್ಳಲೇ ಇಲ್ಲ. 150 ಮಾಡಿದಾಗ ಬೈಲಿನ ಆಚೆ ಬದಿಯ ತೋಟದ ವೃತ್ತದೊಳಗೆ ಪಿಕಪ್ ಹಾದುಹೋಗಿ, ಹೋಗದ ತೋಟಕ್ಕೂ ತಲುಪಿದ ಸಂದೇಶ ಹೋಯಿತು. ಕೊನೆಗೆ ಇದನ್ನು ತೆಗೆದು ತಂಡದ ಮೇಸ್ತ್ರಿಗೆ "ತಲುಪಿದೆವು" ಎಂಬ ಒಂದು ದೊಡ್ಡ ಗುಂಡಿ ಕೊಟ್ಟರು. ಒತ್ತಲು ಒಂದು ಕ್ಷಣ ಸಾಕು, ತಪ್ಪುವುದಿಲ್ಲ.

ತಿರುವು

ಅಕ್ಟೋಬರಿನ ಸಭೆಯಲ್ಲಿ ಆ್ಯಪ್ ಬಿಟ್ಟುಬಿಡುವ ಮಾತು ಬಂದಿತ್ತು. ಕಾರ್ಯದರ್ಶಿಯವರ ಡೈರಿಯನ್ನು ಒಬ್ಬ ಯುವ ಸದಸ್ಯ ಸಭೆಗೆ ತಂದು ಹತ್ತು ಪುಟ ಓದಿದರು. ಅಷ್ಟು ಪುಟಗಳಲ್ಲಿ ಒಂದು ಕಡೆಯೂ ಬುಕ್ ಮಾಡಿದವರು ಎಲ್ಲಿಂದ ಫೋನ್ ಮಾಡಿದರು ಎಂದು ಬರೆದಿರಲಿಲ್ಲ. ಇದ್ದದ್ದೆಲ್ಲ ತೋಟ ಎಲ್ಲಿದೆ, ಗಾಡಿ ಎಲ್ಲಿ ನಿಲ್ಲುತ್ತದೆ, ನೀರು ಎಲ್ಲಿದೆ, ಯಾವ ತಿಂಗಳಲ್ಲಿ ಯಾವ ದಾರಿ ಎಂಬುದು. ತೋಟ ಓಡಿಹೋಗುವುದಿಲ್ಲ, ಅದರ ಜಾಗವನ್ನು ಪ್ರತಿ ಸಲ ಫೋನಿನಿಂದ ಕೇಳುವುದೇಕೆ ಎಂದು ಅವರು ಕೇಳಿದ ಪ್ರಶ್ನೆಗೆ ಆ್ಯಪ್ ಮಾಡಿದವರ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಒಪ್ಪಿಕೊಂಡದ್ದು ಅವರ ದೊಡ್ಡತನ.

ಅಲ್ಲಿ ಆದ ತೀರ್ಮಾನ: ಬೆಳೆಗಾರರ ಆ್ಯಪ್‌ನಿಂದ ಸ್ಥಳದ ಅನುಮತಿಯನ್ನೇ ತೆಗೆಯುವುದು. ಲಾಗಿನ್ ಆದಾಗ "ಯಾವ ತೋಟಕ್ಕೆ?" ಎಂದು ಮಾತ್ರ ಕೇಳುವುದು. ಪ್ರತಿ ತೋಟದ ಗುರುತನ್ನು ಗುಂಪಿನವರೇ ಹೋಗಿ, ನಿಂತು, ಒಂದು ಸಲ ಹಾಕುವುದು. ಸ್ಥಳ ಆಧಾರಿತ ಸೇವೆ ಎಂದರೆ ಬಳಸುವವರ ಫೋನನ್ನು ಹಿಂಬಾಲಿಸುವುದು ಎಂಬ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಎಂದರೆ, ಈ ಸರಳ ಮಾತಿಗೆ ಬರಲು ಒಂದು ಮಳೆಗಾಲ ಬೇಕಾಯಿತು.

ನವೆಂಬರಿನಿಂದ ಫೆಬ್ರವರಿವರೆಗೆ ಇಬ್ಬಿಬ್ಬರ ಮೂರು ಜೋಡಿ ಎಲ್ಲ ತೋಟಗಳಿಗೆ ಹೋದವು. ಪ್ರತಿ ತೋಟಕ್ಕೆ ಮೂರು ಗುರುತು: ಪಿಕಪ್ ನಿಲ್ಲುವ ಮತ್ತು ತಿರುಗುವ ಜಾಗ, ಬ್ಯಾರೆಲ್ ಇಡುವ ನೀರಿನ ಬದಿ, ತೋಟದ ಒಳದಾರಿ ಶುರುವಾಗುವ ತಡಮೆ. ಮೊದಲನೆಯದೇ ಮುಖ್ಯ. ಗಾಡಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮನೆಯ ಗುರುತು ಉತ್ತರವಾಗುವುದಿಲ್ಲ.

ಗುರುತು ಹಾಕುವ ಕ್ರಮವನ್ನು ಹೀಗೆ ಗೊತ್ತುಮಾಡಿಕೊಂಡರು. ಮೊದಲು ಡೇಟಾ ಸಿಗುವಲ್ಲಿ ಒಂದು ನಿಮಿಷ ಜಿಪಿಎಸ್ ತೆರೆದಿಡುವುದು. ಉಪಗ್ರಹಗಳ ಪಥದ ಮಾಹಿತಿ ಇಂಟರ್‌ನೆಟ್ಟಿನಿಂದ ಬಂದುಬಿಟ್ಟರೆ ಬೈಲಿಗಿಳಿದ ಮೇಲೆ ಕಾಯಬೇಕಾಗುವುದಿಲ್ಲ. ಅದು ಇಲ್ಲದಿದ್ದರೆ ಪ್ರತಿ ಉಪಗ್ರಹದಿಂದ ಆ ಮಾಹಿತಿ ಇಳಿಯಲು ಸುಮಾರು 30 ಸೆಕೆಂಡ್ ಎಡೆಬಿಡದ ಸಂಕೇತ ಬೇಕು, ಕಂಗಿನಡಿಯಲ್ಲಿ ಅದು ತುಂಡಾಗುತ್ತಲೇ ಇರುತ್ತದೆ. ಜಾಗಕ್ಕೆ ಹೋದ ಮೇಲೆ ಆಕಾಶ ಕಾಣುವ ಕಡೆ ನಿಲ್ಲುವುದು. ಮೊದಲ 15 ಸೆಕೆಂಡಿನ ಅಂಕೆಗಳನ್ನು ಬಿಟ್ಟುಬಿಡುವುದು, ಅವು ಹಳೆಯ ನೆನಪಿನಿಂದಲೋ ಟವರಿನಿಂದಲೋ ಬಂದವಾಗಿರಬಹುದು. ಆಮೇಲೆ ಸೆಕೆಂಡಿಗೊಂದರಂತೆ 60 ಓದು. ನಿಖರತೆ 25 ಮೀಟರಿಗಿಂತ ಕೆಟ್ಟದಾದವನ್ನು ಎಸೆಯುವುದು, 30ಕ್ಕಿಂತ ಕಡಿಮೆ ಉಳಿದರೆ ಮತ್ತೆ ಮೊದಲಿನಿಂದ. ಉಳಿದವನ್ನು ಏರಿಕೆಯಲ್ಲಿ ಜೋಡಿಸಿ ನಡುವಿನ ಅಂಕೆ ತೆಗೆದುಕೊಳ್ಳುವುದು, ಅಕ್ಷಾಂಶಕ್ಕೆ ಬೇರೆ, ರೇಖಾಂಶಕ್ಕೆ ಬೇರೆ. ಸರಾಸರಿ ತೆಗೆದರೆ ಒಂದೆರಡು ಹುಚ್ಚು ಜಿಗಿತ ಇಡೀ ಗುರುತನ್ನು ಎಳೆದುಬಿಡುತ್ತದೆ, ನಡುವಿನ ಅಂಕೆಗೆ ಆ ತೊಂದರೆ ಇಲ್ಲ. ದಶಮಾಂಶದ ನಂತರ ಐದು ಸ್ಥಾನ ಸಾಕು, ಅದು ಸುಮಾರು 1.1 ಮೀಟರ್. ಮೂರಕ್ಕೆ ನಿಲ್ಲಿಸಿದರೆ 110 ಮೀಟರ್ ತಪ್ಪಬಹುದು. ಕೊನೆಗೆ ಜೋಡಿಯ ಇನ್ನೊಬ್ಬರು ತಮ್ಮ ಫೋನಿನಲ್ಲಿ ಆ ಗುರುತು ತೆರೆದು, ಅದು ತೋರಿಸುವ ಜಾಗಕ್ಕೆ ನಡೆದು ನೋಡುವುದು.

ಕೆಲವು ಕಡೆ ಎಷ್ಟು ನಿಂತರೂ ಗುರುತು 40 ಮೀಟರ್ ಪಕ್ಕಕ್ಕೇ ಬೀಳುತ್ತಿತ್ತು. ಮುರಕಲ್ಲು ಕಡಿದ ಎತ್ತರದ ದರೆಯ ಬುಡದಲ್ಲಿ ನಿಂತಾಗ ಒಂದು ಬದಿಯ ಆಕಾಶವೇ ಇರುವುದಿಲ್ಲ, ಇನ್ನೊಂದು ಬದಿಯ ಸಂಕೇತ ದರೆಗೆ ಬಡಿದು ತಿರುಗಿ ಬರುತ್ತದೆ. ಫೋನ್ ಆ ಹೆಚ್ಚಿನ ದೂರವನ್ನೂ ನಿಜವೆಂದೇ ನಂಬುತ್ತದೆ. ಉಪಗ್ರಹದ ಎಲ್1 ತರಂಗದ ಜೊತೆಗೆ ಎಲ್5 ಎಂಬ ಇನ್ನೊಂದು ತರಂಗವನ್ನೂ ಹಿಡಿಯುವ ಫೋನುಗಳಲ್ಲಿ ಈ ದೋಷ ಕಡಿಮೆ. ಆರು ಜನರಲ್ಲಿ ಇಬ್ಬರ ಹತ್ತಿರ ಅಂಥ ಫೋನ್ ಇತ್ತು, ಕಷ್ಟದ ಜಾಗಗಳನ್ನು ಅವರಿಗೇ ಬಿಟ್ಟರು.

ಗುರುತಿನ ಜೊತೆಗೆ ಡೈರಿಯ ಭಾಷೆಯೂ ಬಂತು. ಪ್ರತಿ ತೋಟಕ್ಕೆ ನಾಲ್ಕು ಸಾಲಿನ ದಾರಿ ಮತ್ತು ಒಂದು ನಿಮಿಷದೊಳಗಿನ ಧ್ವನಿ. ಧ್ವನಿ ಯಾವ ಮಾತಿನಲ್ಲಾದರೂ ಸರಿ, ಹೆಚ್ಚಿನವು ತುಳುವಿನಲ್ಲಿ ಬಂದವು. ತಂಡದವರೆಲ್ಲರಿಗೂ ಅರ್ಥವಾಗುವ ಮಾತು ಅದೇ. ಸಂಕ, ತೋಡು ದಾಟುವ ಕಡೆಗಳಿಗೆ ಬೇಸಿಗೆ ದಾರಿ, ಮಳೆಗಾಲದ ದಾರಿ ಎಂದು ಎರಡು. ಜೂನ್ 1ರಿಂದ ಮಳೆಗಾಲದ ದಾರಿ ತಾನಾಗಿ ಜಾರಿಗೆ ಬರುತ್ತದೆ. ಕಾಗೆ ಹಾರುವ ದೂರವನ್ನು ಪೂರ್ತಿ ಬಿಟ್ಟರು. ಯಾರು ಬೇಕಾದರೂ ತಿದ್ದಬಹುದಾದ ಸಾರ್ವಜನಿಕ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಾಲುಸಂಕಗಳನ್ನು ನಡೆಯುವ ದಾರಿ ಎಂದು ತಿದ್ದಿ, ಆ ರಸ್ತೆಗಳ ಮೇಲೆ ಪಿಕಪ್ ಹೋಗುವ ಸಮಯವನ್ನು ಎಲ್ಲ ತೋಟಗಳ ನಡುವೆ ಒಂದು ಸಲ ಲೆಕ್ಕ ಹಾಕಿ ಕೋಷ್ಟಕ ಮಾಡಿಟ್ಟರು. 180 ತೋಟಕ್ಕೆ 32,000ದಷ್ಟು ಅಂಕೆ, ಯಾವ ಫೋನಿಗೂ ಭಾರವಲ್ಲ, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಸಾರ್ವಜನಿಕ ನಕ್ಷೆಗೆ ಸೇರಿಸಿದ್ದು ರಸ್ತೆ ಮತ್ತು ಸಂಕಗಳನ್ನು ಮಾತ್ರ. ಮನೆ, ತೋಟದ ಹೆಸರು ಗುಂಪಿನೊಳಗೇ ಉಳಿಯಿತು.

ರಾಜ್ಯ ಯಾವುದು ಎಂಬ ಲೆಕ್ಕವನ್ನೂ ಗುರುತಿನಿಂದ ಬಿಡಿಸಿದರು. ಗಡಿರೇಖೆಯ ಕಡತಗಳು ಗಾತ್ರ ಕಡಿಮೆ ಮಾಡಲು ಅಂಕುಡೊಂಕನ್ನು ನೇರ ಮಾಡಿರುತ್ತವೆ, ಗಡಿಯಿಂದ ಕೆಲವು ನೂರು ಮೀಟರಿನೊಳಗೆ ಅವುಗಳನ್ನು ನಂಬಬಾರದು. ತೋಟದ ದಾಖಲೆಯಲ್ಲಿ ಯಾವ ಗ್ರಾಮ ಇದೆಯೋ ಅದೇ ಸರಿ.

2025ರ ಮೇಯಲ್ಲಿ ಅಂಚೆ ಇಲಾಖೆ ಬಿಡುಗಡೆ ಮಾಡಿದ ಡಿಜಿಪಿನ್ ಕೂಡ ಸೇರಿತು. ಸುಮಾರು 4 ಮೀಟರ್ ಚೌಕಕ್ಕೆ ಹತ್ತು ಅಕ್ಷರದ ಒಂದು ಸಂಕೇತ. ಅಕ್ಷಾಂಶ ರೇಖಾಂಶದಿಂದ ನೇರವಾಗಿ ಲೆಕ್ಕ ಹಾಕುವಂಥದ್ದಾದ್ದರಿಂದ ಇಂಟರ್‌ನೆಟ್ ಬೇಕಿಲ್ಲ. ಪಿಕಪ್ ನಿಲ್ಲುವ ಜಾಗದ ಡಿಜಿಪಿನ್ ಅನ್ನು ಸದಸ್ಯತ್ವದ ಕಾರ್ಡಿನ ಹಿಂದೆ ಅಚ್ಚು ಹಾಕಿದರು. ಫೋನಿನಲ್ಲಿ ಓದಿ ಹೇಳಲು ಎರಡು ದಶಮಾಂಶ ಸಂಖ್ಯೆಗಳಿಗಿಂತ ಇದು ಎಷ್ಟೋ ಮೇಲು. ಆದರೆ ಜಾಗ ಹೇಳುವ ಸಂಕೇತ ದಾರಿ ಹೇಳುವುದಿಲ್ಲ, ನಾಲ್ಕು ಸಾಲಿನ ವಿವರ ಅದರ ಕೆಳಗೇ ಇರಬೇಕು.

ತಂಡದವರ ಮಾತು

ಬೆಳೆಗಾರರ ಫೋನನ್ನು ಬಿಟ್ಟ ಮೇಲೆ ತಂಡದವರ ಫೋನ್ ಉಳಿಯಿತು. ಮೊದಲ ವರ್ಷ ಅವರ ಚಲನೆ ಬೆಳಿಗ್ಗೆಯಿಂದ ರಾತ್ರಿವರೆಗೆ ದಾಖಲಾಗುತ್ತಿತ್ತು. ಕೆಲಸ ಮುಗಿಸಿ ಮನೆಗೆ ಹೋದದ್ದು, ದಾರಿಯಲ್ಲಿ ಎಲ್ಲಿ ನಿಂತರು ಎಂಬುದೂ ಕಚೇರಿಯ ಪರದೆಯಲ್ಲಿ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ನಿಲ್ಲಿಸುವ ಗುಂಡಿಯನ್ನೇ ಇಟ್ಟಿರಲಿಲ್ಲ ಅಷ್ಟೆ. ಎರಡು ತಂಡಗಳು ಫೋನ್ ಆಫ್ ಮಾಡತೊಡಗಿದಾಗ ಇದು ಗೊತ್ತಾಯಿತು. ಅವರು ಮಾಡಿದ್ದು ನ್ಯಾಯವೇ.

ಈಗ ದಾಖಲೆ "ಹೊರಟೆವು" ಒತ್ತಿದಾಗ ಶುರು, "ತಲುಪಿದೆವು" ಒತ್ತಿದಾಗ ಬಂದ್. ಆ ಹೊತ್ತಿನಲ್ಲಿ ಫೋನಿನ ಮೇಲ್ಭಾಗದಲ್ಲಿ ದಾಖಲಾಗುತ್ತಿದೆ ಎಂಬ ಸೂಚನೆ ಕಾಣುತ್ತಲೇ ಇರುತ್ತದೆ. ಏಳು ದಿನದ ನಂತರ ಹಾದಿಯ ದಾಖಲೆ ಅಳಿದುಹೋಗುತ್ತದೆ, ಹೊರಟ ಮತ್ತು ತಲುಪಿದ ಸಮಯ ಮಾತ್ರ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಕೆಲಸಕ್ಕೆ ಒಪ್ಪಿಗೆ ಪಡೆದಿದ್ದೀರೋ ಅಷ್ಟಕ್ಕೆ ಬಳಸಿ, ಕೆಲಸ ಮುಗಿದ ಮೇಲೆ ಅಳಿಸಿ. ಚಲಿಸುವ ಚುಕ್ಕಿಯ ಬದಲು ಬೆಳೆಗಾರರಿಗೆ ಹೋಗುವುದು ಎರಡು ಎಸ್ಎಂಎಸ್. ಎರಡನೆಯದು ಬರುವವರೆಗೆ ಮೈಲುತುತ್ತು ಬ್ಯಾರೆಲಿಗೆ ಸೇರಿಸಬೇಡಿ ಎಂಬ ಸಾಲು ಮೊದಲನೆಯದರಲ್ಲೇ ಇದೆ.

ಬೈಲುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಗುಂಡಿ ಒತ್ತಿದ ಸಮಯ ಫೋನಿನಲ್ಲೇ ಉಳಿದು, ಗುಡ್ಡೆ ಹತ್ತಿದ ಮೇಲೆ ಸರ್ವರಿಗೆ ಹೋಗುತ್ತದೆ. ದಾಖಲಾಗಬೇಕಾದದ್ದು ಒತ್ತಿದ ಸಮಯ, ಸರ್ವರಿಗೆ ತಲುಪಿದ ಸಮಯ ಅಲ್ಲ. ಮೊದಲ ವಾರ ಇದು ತಿರುಗುಮುರುಗಾಗಿ, ನಾಲ್ಕು ತೋಟ ಮುಗಿಸಿದ ತಂಡ ನಾಲ್ಕಕ್ಕೂ ಸಂಜೆ ಆರೂಕಾಲಕ್ಕೆ ತಲುಪಿದಂತೆ ಕಾಣಿಸಿತ್ತು.

ಎರಡನೇ ಮಳೆಗಾಲ

ಆ ಮಳೆಗಾಲದಲ್ಲಿ ತಂಡ ತಪ್ಪು ಜಾಗಕ್ಕೆ ಹೋದದ್ದು ಎರಡೇ ಸಲ. ಒಂದರಲ್ಲಿ ಆಸ್ತಿ ಪಾಲಾಗಿ ಹೊಸ ಬೇಲಿ ಬಂದು ತಡಮೆ ಬೇರೆ ಕಡೆಗೆ ಹೋಗಿತ್ತು, ಯಾರೂ ತಿಳಿಸಿರಲಿಲ್ಲ. ಇನ್ನೊಂದರಲ್ಲಿ ಒಬ್ಬರಿಗೆ ಎರಡು ತೋಟ, ಪಟ್ಟಿಯಲ್ಲಿ ಎರಡಕ್ಕೂ ಅವರದೇ ಹೆಸರು. ಈಗ ಪಟ್ಟಿಯಲ್ಲಿ ಯಜಮಾನರ ಹೆಸರಿನ ಜೊತೆ "ಮನೆ ತೋಟ", "ಕೆಳಗಿನ ಬೈಲು" ಎಂದು ಅವರು ಮನೆಯಲ್ಲಿ ಕರೆಯುವ ಹೆಸರೂ ಇದೆ. ಬೆಂಗಳೂರಿನಿಂದ, ಕೊಲ್ಲಿಯಿಂದ ಬುಕ್ ಮಾಡುವವರಿಗೆ ಯಾವ ಅಡ್ಡಿಯೂ ಬರಲಿಲ್ಲ.

ಬಗೆಹರಿಯದ ವಿಷಯವೂ ಇದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೊಮೀಟರ್ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುತ್ತ ಹೋದಂತೆ, ಮೊದಲು ನೇರ ದಾಟುತ್ತಿದ್ದ ಕಡೆಗಳಲ್ಲಿ ಈಗ ಅಂಡರ್‌ಪಾಸ್ ಹುಡುಕಿ ಸುತ್ತಬೇಕು. ಒಂದು ಬದಿಯ ಸರ್ವಿಸ್ ರಸ್ತೆಯಿಂದ ಇನ್ನೊಂದು ಬದಿಗೆ ಹೋಗುವ ಸಮಯ ಕೋಷ್ಟಕದಲ್ಲಿ ಇದ್ದದ್ದಕ್ಕಿಂತ ಹೆಚ್ಚು, ನಕ್ಷೆಗಳೂ ತಡವಾಗಿ ತಿದ್ದಿಕೊಳ್ಳುತ್ತವೆ. ಹೆದ್ದಾರಿಯ ಪಶ್ಚಿಮ ಬದಿಯ ಹನ್ನೆರಡು ತೋಟಗಳಿಗೆ ಸದ್ಯ ಒಂದು ತಂಡವನ್ನು ಆ ಬದಿಯಲ್ಲೇ ಇಟ್ಟುಬಿಟ್ಟಿದ್ದಾರೆ. ಮಳೆ ಮುನ್ಸೂಚನೆಯನ್ನು ತೋಟದ ಗುರುತಿಗೆ ಜೋಡಿಸುವ ಯೋಚನೆಯನ್ನು ಕೈಬಿಟ್ಟರು. ಮುನ್ಸೂಚನೆ ಬರುವುದು ಹಲವು ಕಿಲೊಮೀಟರ್ ಅಗಲದ ಚೌಕಕ್ಕೆ, ಹೊಳೆಯ ಎರಡೂ ದಡಕ್ಕೆ ಅದು ಒಂದೇ ಉತ್ತರ ಕೊಡುತ್ತದೆ. ಯಾವ ತೋಟ ಮೊದಲು ಎಂಬುದನ್ನು ಈಗಲೂ ಬೆಳಿಗ್ಗೆ ಆಕಾಶ ನೋಡಿ, ಮೇಸ್ತ್ರಿಗಳ ಜೊತೆ ಮಾತಾಡಿ ನಿಶ್ಚಯಿಸುತ್ತಾರೆ.

ಪ್ರತಿ ವರ್ಷ ಮೇ ಮೊದಲ ವಾರ, ಮೊದಲ ಮದ್ದಿಗೆ ಮುಂಚೆ, ಸಂಕ ಅಥವಾ ತೋಡು ದಾಟುವ ಎಲ್ಲ ದಾರಿಗಳನ್ನೂ ಒಬ್ಬರು ನಡೆದು ನೋಡಿ ದಿನಾಂಕ ಹಾಕಬೇಕು ಎಂದು ನಿಯಮ ಮಾಡಿಕೊಂಡಿದ್ದಾರೆ. ಅಂಥವು 23. ಅಂದು 900 ಮೀಟರ್ ದೂರ ಎಂದು ತಂಡವನ್ನು ಕಳುಹಿಸಿದಾಗ ಮುಳುಗಿದ್ದ ಆ ಸಂಕದ ಜಾಗದಲ್ಲಿ ಈಗ ಕಾಂಕ್ರೀಟಿನ ಅಗಲದ ಸಂಕ ಬರುತ್ತಿದೆ. ಎರಡು ಕಂಬ ಎದ್ದಿವೆ, ಮೇಲಿನ ಹಲಗೆ ಹಾಕುವುದು ಬಾಕಿ. ಆ್ಯಪ್‌ನಲ್ಲಿ ಆ ದಾರಿ ಇನ್ನೂ ಮುಚ್ಚಿಯೇ ಇದೆ, ಪಿಕಪ್ ಒಂದು ಸಲ ಅದರ ಮೇಲೆ ದಾಟಿ ನೋಡುವವರೆಗೆ ತೆರೆಯುವುದಿಲ್ಲ.